ಒಂದೇ ತೊಲೆ, ಎರಡು ಗಡಿಯಾರ

ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಝಾನ್ಸ ಸ್ಖಾನ್ಸ್‌ಗೆ ಜನ ಹೋಗುವುದು ಗಾಳಿಗಿರಣಿ ನೋಡಲು. ಅಲ್ಲಿನ ಗಡಿಯಾರ ಮ್ಯೂಸಿಯಂ ಒಳಗೂ ಖಂಡಿತ ಹೋಗಿಬನ್ನಿ. ಝಾನ್ ಸೀಮೆಯ ಹಳೇ ಗೋಡೆ ಗಡಿಯಾರಗಳ ನೆತ್ತಿಯ ಮೇಲೆ ಗೋಳ ಹೊತ್ತ ಅಟ್ಲಾಸ್, ಗ್ರೀಕ್ ಪುರಾಣದ ದೈತ್ಯ, ನಿಂತಿರುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆಯೇ. ನೀವು ಮಾತ್ರ ಕೆಳಗೆ ತೂಗುಬಿಟ್ಟ ಹಿತ್ತಾಳೆ ಗುಂಡುಗಳನ್ನು ನೋಡಿ.

ಗಡಿಯಾರವನ್ನು ಓಡಿಸುವುದು ಲೋಲಕ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. ಓಡಿಸುವುದು ನಿಧಾನಕ್ಕೆ ಇಳಿಯುವ ಆ ಗುಂಡು. ಲೋಲಕದ್ದು ತಡೆಯುವ ಕೆಲಸ. ಅದು ಒಮ್ಮೆ ಆಚೀಚೆ ಹೋಗಿ ಬಂದರೆ ಚಕ್ರದ ಒಂದು ಹಲ್ಲು ಮುಂದೆ ಸರಿಯುತ್ತದೆ. ಗಡಿಯಾರ ನಿಂತರೆ ಮನೆಗೆ ಕೇಡು ಅಂತ ಹೆದರುವವರು ಈಗಲೂ ಇದ್ದಾರೆ. ಗುಂಡು ನೆಲ ಮುಟ್ಟಿರುತ್ತದೆ, ಎತ್ತಿ ಕಟ್ಟಿದರೆ ಆಯಿತು!

ಈ ಲೋಲಕವನ್ನು ಗಡಿಯಾರಕ್ಕೆ ಜೋಡಿಸಿದ್ದು ಹೇಗ್ ನಗರದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್, 1656ರಲ್ಲಿ. ಅಲ್ಲಿಯವರೆಗೆ ದಿನಕ್ಕೆ ಸುಮಾರು 15 ನಿಮಿಷ ತಪ್ಪುತ್ತಿದ್ದ ಗಡಿಯಾರ ಆಮೇಲೆ ತಪ್ಪಿದ್ದು ಸುಮಾರು 15 ಸೆಕೆಂಡು.

ನನಗೆ ಅದಕ್ಕಿಂತ ಇಷ್ಟವಾದದ್ದು 1665ರ ಫೆಬ್ರವರಿಯ ಕತೆ. ಹೈಗೆನ್ಸ್ ಹುಷಾರಿಲ್ಲದೆ ಮಲಗಿದ್ದ. ಹಡಗಿಗೆಂದು ಮಾಡಿಸಿದ್ದ ಎರಡು ಗಡಿಯಾರ ಅಕ್ಕಪಕ್ಕ ತೂಗುತ್ತಿದ್ದವು. ಒಂದರ ಲೋಲಕ ಎಡಕ್ಕೆ ಹೋದರೆ ಇನ್ನೊಂದರದ್ದು ಸರಿಯಾಗಿ ಅದೇ ಹೊತ್ತಿಗೆ ಬಲಕ್ಕೆ. ಬೇಕಂತಲೇ ತಾಳ ತಪ್ಪಿಸಿದ. ಅರ್ಧ ಗಂಟೆಯೊಳಗೆ ಮತ್ತೆ ಜೊತೆಯಾದವು.

ಮಾಯೆ ಅಂತ ಸುಮ್ನೆ ಕೂರುವವನಲ್ಲ ಅವನು. ಗಾಳಿಯ ಕೆಲಸವಿರಬೇಕು ಎಂದು ನಡುವೆ ಹಲಗೆ ಅಡ್ಡ ಹಿಡಿದು ನೋಡಿದ. ಜೊತೆ ಬಿಡಲಿಲ್ಲ. ದೂರ ದೂರ ಇಟ್ಟ. ದಿನಕ್ಕೆ 5 ಸೆಕೆಂಡು ವ್ಯತ್ಯಾಸ ಬಂತು. ಕೊನೆಗೆ ಎರಡು ಕುರ್ಚಿಗಳ ಬೆನ್ನಿಗೆ ತೊಲೆ ಹಾಕಿ ಅದಕ್ಕೆ ಎರಡನ್ನೂ ನೇತುಹಾಕಿದ. ಲೋಲಕಗಳು ಹೊಂದಿಕೊಳ್ಳುವ ತನಕ ಕುರ್ಚಿಗಳು ಅದುರಿದವು, ಆಮೇಲೆ ಸುಮ್ಮನಾದವು. ಗುಟ್ಟು ತೊಲೆಯಲ್ಲಿತ್ತು!

ಮಲೆನಾಡಿನ ಹಳ್ಳದ ಮೇಲಿನ ಅಡಿಕೆ ಮರದ ಸಂಕ ದಾಟಿದವರಿಗೆ ಇದು ಗೊತ್ತು. ಮುಂದಿನವರ ಹೆಜ್ಜೆ ನಮ್ಮ ಕಾಲಿಗೆ ತಾಗುತ್ತದೆ, ಅಲ್ವಾ? ಎರಡು ಲೋಲಕ ಒಂದೇ ಕಡೆ ತೂಗಿದರೆ ತೊಲೆಯೂ ಅಲುಗುತ್ತದೆ. ಆ ಅಲುಗಾಟದಲ್ಲಿ ಅವುಗಳ ಶಕ್ತಿ ಸೋರಿಹೋಗುತ್ತದೆ. ಎದುರುಬದುರು ತೂಗಿದರೆ ಒಂದರ ಎಳೆತವನ್ನು ಇನ್ನೊಂದು ಅಳಿಸಿಹಾಕುತ್ತದೆ. ತೊಲೆ ಅಲುಗುವುದಿಲ್ಲ, ಶಕ್ತಿಯೂ ಸೋರುವುದಿಲ್ಲ. ಉಳಿಯುವುದು ಆ ಚಲನೆ ಮಾತ್ರ.

ಸುದ್ದಿ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಹೋಯಿತು. ಅಲ್ಲಿ ಕೆಲವರಿಗೆ ಅನುಮಾನ ಬಂತು: ಇಷ್ಟು ಸಣ್ಣ ಅದುರಿಗೇ ಬದಲಾಗುವ ಗಡಿಯಾರ ಸಮುದ್ರದಲ್ಲಿ ಸರಿಯಾದ ಸಮಯ ತೋರಿಸೀತೇ? ಅನುಮಾನ ನಿಜವಾಯಿತು. ಹಡಗಿನಲ್ಲಿ ಸರಿಯಾದ ಸಮಯ ತೋರಿಸಿ ಗೆದ್ದ, ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಮಾಡಿದ 1759ರ ಗಡಿಯಾರದಲ್ಲಿ ಲೋಲಕವೇ ಇರಲಿಲ್ಲ.