ಕ್ಲಿನಿಕ್‌ಗೆ ಬೀಗ ಬಿದ್ದ ಮೇಲೆ ರೋಗಿಗಳ ಗತಿಯೇನು?

2010ರಲ್ಲಿ ಅಮೆರಿಕದಾದ್ಯಂತ ಅಫೀಮಿನ ಬಳಗದ ನೋವು ನಿವಾರಕವಾದ ಆಕ್ಸಿಕೊಡೋನ್ ಮಾತ್ರೆಗಳನ್ನು ಸ್ವಂತ ಕ್ಲಿನಿಕ್‌ನಿಂದಲೇ ಅತಿ ಹೆಚ್ಚು ವಿತರಿಸಿದ 100 ವೈದ್ಯರಲ್ಲಿ 98 ಮಂದಿ ಫ್ಲಾರಿಡಾದವರು. ನೋವು ನಿವಾರಣಾ ಕೇಂದ್ರ ಎಂಬ ಬೋರ್ಡಿನ ಮುಂದೆ ದೂರದ ಕೆಂಟಕಿ, ಟೆನೆಸ್ಸೀ ರಾಜ್ಯಗಳ ನಂಬರ್ ಪ್ಲೇಟಿನ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಒಳಗೆ ಹೋಗಿ ನಗದು ಕಟ್ಟಿದರೆ ನಾಲ್ಕು ಮಾತಿನ ತಪಾಸಣೆ, ಎಂಆರ್‌ಐ ವರದಿಯ ಮೇಲೆ ಒಮ್ಮೆ ಕಣ್ಣಾಡಿಸಿದ ಶಾಸ್ತ್ರ, ಆಮೇಲೆ ಅಲ್ಲೇ ಕೌಂಟರಿನಲ್ಲಿ ಮಾತ್ರೆ. ಎಷ್ಟೋ ಕಡೆ ಆಕ್ಸಿಕೊಡೋನ್ ಜೊತೆಗೆ ಆತಂಕ ತಗ್ಗಿಸುವ ಅಲ್ಪ್ರಜೋಲಾಮನ್ನೂ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲನ್ನೂ ಸೇರಿಸಿ ಬರೆದುಕೊಡುತ್ತಿದ್ದರು.

ಈ ಮೂರರ ಜೋಡಿ ಜೀವಕ್ಕೇ ಅಪಾಯ. ಅಫೀಮಿನ ಬಳಗದ ಔಷಧಗಳು ನರಕೋಶಗಳ ಮೇಲಿರುವ ‘ಮ್ಯೂ’ ಎಂಬ ಗ್ರಾಹಕಗಳಿಗೆ (ರಿಸೆಪ್ಟರ್‌ಗಳಿಗೆ) ಅಂಟಿಕೊಂಡು ನೋವಿನ ಸಂದೇಶವನ್ನು ತಗ್ಗಿಸುತ್ತವೆ. ಅದೇ ಗ್ರಾಹಕಗಳು ಮಿದುಳಿನ ಕಾಂಡದಲ್ಲಿ, ಉಸಿರಾಟ ನಡೆಸುವ ಕೋಶಗಳ ಮೇಲೂ ಇವೆ. ದಿನ ಕಳೆದಂತೆ ದೇಹ ಔಷಧಕ್ಕೆ ಒಗ್ಗಿಹೋಗುತ್ತದೆ, ಮೊದಲಿನ ಆರಾಮಕ್ಕೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಆದರೆ ಉಸಿರಾಟದ ಕೇಂದ್ರ ಅಷ್ಟು ಬೇಗ ಒಗ್ಗುವುದಿಲ್ಲ. ಡೋಸ್ ಏರಿಸುತ್ತ ಹೋದವನು ನಿದ್ದೆಯಲ್ಲೇ ಉಸಿರು ನಿಲ್ಲಿಸುವುದು ಹೀಗೆ. ಉಳಿದೆರಡು ಮಾತ್ರೆಗಳು ಆ ಕುಸಿತವನ್ನು ಇನ್ನಷ್ಟು ಹತ್ತಿರ ತರುತ್ತವೆ.

ಇಂಥ ವೈದ್ಯರ ಮೇಲೆ ಕ್ರಮ ಕೈಗೊಂಡಾಗ ಫಲ ಸಿಕ್ಕಿತು. ಫ್ಲಾರಿಡಾ 2011ರಲ್ಲಿ ಕ್ಲಿನಿಕ್‌ಗಳ ನೇರ ವಿತರಣೆಗೆ ಕಡಿವಾಣ ಹಾಕಿತು, ದಾಳಿಗಳೂ ನಡೆದವು. 2010ರಿಂದ 2012ರೊಳಗೆ ಅಲ್ಲಿ ಆಕ್ಸಿಕೊಡೋನ್‌ನಿಂದಾದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಹಣಕ್ಕಾಗಿ ಔಷಧ ಚೀಟಿ ಮಾರಿದವರ ಪರವಾನಗಿ ಹೋಗಲೇಬೇಕು, ಜೈಲೂ ಆಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ತೊಡಕಿರುವುದು ಉಳಿದವರ ವಿಷಯದಲ್ಲಿ. ಕ್ಯಾನ್ಸರ್‌ನ ಅಥವಾ ಮುರಿದ ಬೆನ್ನಿನ ತೀವ್ರ ನೋವಿಗೆ ದೊಡ್ಡ ಡೋಸ್ ಬರೆಯುವ ವೈದ್ಯರೂ ಇದ್ದಾರೆ. ಬರೀ ಮಾತ್ರೆಗಳ ಲೆಕ್ಕ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರುಆನ್ ಎಂಬ ವೈದ್ಯರ ಪ್ರಕರಣದಲ್ಲಿ ಇದಕ್ಕೊಂದು ಗೆರೆ ಎಳೆಯಿತು: ತಾನು ಬರೆಯುತ್ತಿರುವುದು ಕಾನೂನು ಒಪ್ಪದ ಚೀಟಿ ಎಂದು ವೈದ್ಯರಿಗೆ ಗೊತ್ತಿತ್ತು, ಇಲ್ಲವೇ ಬೇಕೆಂದೇ ಹಾಗೆ ಬರೆದರು ಎಂಬುದನ್ನು ಸರ್ಕಾರ ಸಾಬೀತುಪಡಿಸಬೇಕು. ಚಿಕಿತ್ಸೆಯಲ್ಲಿ ಎಡವುವುದು ಬೇರೆ, ಅಪರಾಧ ಬೇರೆ. ಎಡವಿದವರನ್ನು ವಿಚಾರಿಸಲು ರಾಜ್ಯಗಳ ವೈದ್ಯಕೀಯ ಮಂಡಳಿಗಳಿವೆ.

ನನ್ನನ್ನು ಹೆಚ್ಚು ಕಾಡುವುದು ಬೀಗ ಬಿದ್ದ ಮರುದಿನ. ವೈದ್ಯರು ತಪ್ಪಿತಸ್ಥರಿರಬಹುದು, ರೋಗಿಯ ದೇಹವಂತೂ ಮಾತ್ರೆಗೆ ಒಗ್ಗಿಹೋಗಿದೆ. ಥಟ್ಟನೆ ನಿಂತರೆ ಬೆವರು, ವಾಂತಿ, ನಿದ್ದೆಯಿಲ್ಲದ ರಾತ್ರಿಗಳು. ಅಡಗಿದ್ದ ನೋವು ಇಮ್ಮಡಿಯಾಗಿ ಮರಳುತ್ತದೆ. ಹೀಗೆ ಏಕಾಏಕಿ ನಿಲ್ಲಿಸಿದರೆ ರೋಗಿ ಆತ್ಮಹತ್ಯೆಗೂ ಇಳಿಯಬಹುದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತು. ಚೀಟಿ ಸಿಗದವರಲ್ಲಿ ಕೆಲವರು ಬೀದಿಯ ಹೆರಾಯಿನ್‌ಗೆ, ಈಗ ಅದಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣವಾದ ಫೆಂಟನಿಲ್‌ಗೆ ಕೈಚಾಚುತ್ತಾರೆ.

ಇದಕ್ಕೆಂದೇ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಒಂದು ವ್ಯವಸ್ಥೆ ನಡೆಸುತ್ತಿದೆ. ದಾಳಿ ನಡೆಸುವ ತನಿಖಾ ಸಂಸ್ಥೆಗಳು ಮುಂಚಿತವಾಗಿ ಗುಟ್ಟಿನಲ್ಲಿ ಸುಳಿವು ಕೊಡುತ್ತವೆ. ಕ್ಲಿನಿಕ್ ಇರುವ ರಾಜ್ಯದ ಆರೋಗ್ಯ ಇಲಾಖೆಯ ನಂಬಿಕಸ್ಥ ಅಧಿಕಾರಿಗಳು ಬೇರೆ ವೈದ್ಯರನ್ನು ಹುಡುಕಿಡುತ್ತಾರೆ, ನಿಧಾನವಾಗಿ ಡೋಸ್ ಇಳಿಸಲು, ವ್ಯಸನವಿದ್ದರೆ ಹಂಬಲ ತಗ್ಗಿಸುವ ಬ್ಯುಪ್ರೆನಾರ್ಫಿನ್‌ನಂಥ ಔಷಧದ ಚಿಕಿತ್ಸೆಗೆ ಹಚ್ಚಲು. ಸುದ್ದಿ ಸೋರಿದರೆ ಸಾಕ್ಷ್ಯ ಮಾಯವಾದೀತೆಂಬ ಭಯ ತನಿಖೆಯವರಿಗೆ ಇದ್ದೇ ಇರುತ್ತದೆ. ಆದರೂ ದಾಳಿಯ ಯೋಜನೆಯ ಜೊತೆಗೇ ಈ ತಯಾರಿಯೂ ಆಗಬೇಕು.