ಬಣ್ಣ ಬದಲಿಸಿದರೆ ಕಾರು ಬರುವ ದಿನವೂ ಬದಲಾಗಬಹುದು

ಬುಕ್ ಮಾಡಿದ ಕಾರು ಕೈಗೆ ಬರಲು ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಆದರೆ ಕಾರು ಜೋಡಿಸುವುದಕ್ಕೆ ಅಷ್ಟು ಕಾಲ ಬೇಕಿಲ್ಲ. 1913ರಲ್ಲಿ ಫೋರ್ಡ್ ಕಂಪನಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ಚಲಿಸುವ ಜೋಡಣಾ ಸಾಲು ಬಂತು. ಹನ್ನೆರಡು ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ಮಾಡೆಲ್ ಟಿ ಕಾರಿನ ಜೋಡಣೆ ಮರುವರ್ಷದ ಹೊತ್ತಿಗೆ ಒಂದೂವರೆ ಗಂಟೆಗೆ ಇಳಿಯಿತು. ಆಗ ಕಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. 1914ರಿಂದ ಸುಮಾರು ಒಂದು ದಶಕ ಬಣ್ಣವೂ ಕಪ್ಪೊಂದೇ.

ಈಗ ಬಣ್ಣ, ಸೀಟು, ಸನ್‌ರೂಫ್ ಎಲ್ಲ ನಮ್ಮ ಆಯ್ಕೆ. ಕಾಯುವಿಕೆ ಶುರುವಾಗುವುದೂ ಅಲ್ಲಿಂದಲೇ. ಬಿಡಿಭಾಗಗಳನ್ನು ರಾಶಿ ಹಾಕಿಕೊಳ್ಳದೆ ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸುವ ಪದ್ಧತಿಯನ್ನು ಟೊಯೊಟಾದಲ್ಲಿ ತೈಚಿ ಓನೊ ರೂಪಿಸಿದರು. ಉಳಿದ ಕಂಪನಿಗಳೂ ಅದನ್ನೇ ಹಿಡಿದವು. ಖರ್ಚು ಉಳಿಯಿತು. ಆದರೆ ಎಲ್ಲೋ ಒಂದು ಕಡೆ ಏನಾದರೂ ನಿಂತರೆ ಇಡೀ ಸಾಲೇ ನಿಲ್ಲುವಂತಾಯಿತು.

2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪವಾದಾಗ ಅದು ವಿಚಿತ್ರ ರೀತಿಯಲ್ಲಿ ಬಯಲಾಯಿತು. ಕಾರಿನ ಬಣ್ಣಕ್ಕೆ ಮಿನುಗು ಕೊಡುವ ಷಿರಾಲಿಕ್ ಎಂಬ ಪುಡಿ ತಯಾರಾಗುತ್ತಿದ್ದದ್ದು ಒನಾಹಾಮಾದ ಒಂದೇ ಕಾರ್ಖಾನೆಯಲ್ಲಿ. ಅದು ಮುಚ್ಚಿತು. ಸಾಗರದಾಚೆ ಅಮೆರಿಕದಲ್ಲಿ ಫೋರ್ಡ್, ಕೆಲವು ಕಪ್ಪು, ಕೆಂಪು ಬಣ್ಣಗಳ ಆರ್ಡರ್‌ಗಳನ್ನು ತಡೆಹಿಡಿಯಬೇಕಾಯಿತು.

2020ರ ಕೋವಿಡ್ ಕಾಲದ ಕಥೆ ಬಹುತೇಕರಿಗೆ ನೆನಪಿದೆ. ಮಾರಾಟ ಕುಸಿದಾಗ ಕಾರು ಕಂಪನಿಗಳು ಚಿಪ್ ಆರ್ಡರ್ ಕಡಿತ ಮಾಡಿದವು, ಚಿಪ್ ತಯಾರಕರು ಲ್ಯಾಪ್‌ಟಾಪ್, ಫೋನುಗಳ ಕಡೆ ತಿರುಗಿದರು. ಬೇಡಿಕೆ ಮರಳಿದಾಗ ಕಾರುಗಳಿಗೆ ಚಿಪ್ ಇಲ್ಲ. ಆದರೂ ಕೆಲವು ಕಂಪನಿಗಳು ಚಿಪ್ ಬಂದ ಮೇಲೆ ಕೂರಿಸೋಣವೆಂದು ಅರೆಬರೆ ಕಾರುಗಳನ್ನು ಬಯಲಲ್ಲಿ ನಿಲ್ಲಿಸಿಕೊಂಡವು.

ವೈರಿಂಗ್ ಹಾರ್ನೆಸ್ ವಿಷಯದಲ್ಲಿ ಆ ದಾರಿಯೂ ಇಲ್ಲ. ಕಾರಿನ ಮೈಯೊಳಗೆಲ್ಲ ಹರಡುವ ಈ ತಂತಿಗಳ ಕಟ್ಟನ್ನು ಯಂತ್ರಕ್ಕಿಂತ ಹೆಚ್ಚಾಗಿ ಕೈಯೇ ಕಟ್ಟುತ್ತದೆ. ಉದ್ದನೆಯ ಹಲಗೆಯ ಮೇಲೆ ಒಂದೊಂದೇ ತಂತಿ ಎಳೆದು, ಟೇಪು ಸುತ್ತಿ, ತುದಿಗೆ ಕನೆಕ್ಟರ್ ಹಾಕುತ್ತಾರೆ. ನೀವು ಬಿಸಿಯಾಗುವ ಸೀಟು ಕೇಳಿದರೆ ಅದಕ್ಕೂ ತಂತಿ ಬೇಕು; ಹಾಗಾಗಿ ಹಲವು ಮಾದರಿಗಳಲ್ಲಿ ಆರ್ಡರಿಗೆ ತಕ್ಕಂತೆ ಕಟ್ಟೂ ಬೇರೆಬೇರೆ. ಕಾರ್ಪೆಟ್, ಡ್ಯಾಶ್‌ಬೋರ್ಡ್‌ಗಳಿಗಿಂತ ಮೊದಲೇ ಅದು ಒಳಗೆ ಹೋಗಬೇಕು, ಆಮೇಲೆ ತುರುಕಲು ಬರುವುದಿಲ್ಲ. 2022ರಲ್ಲಿ ಉಕ್ರೇನ್ ಮೇಲೆ ಯುದ್ಧ ಬಂದಾಗ ಅಲ್ಲಿನ ಹಾರ್ನೆಸ್ ಘಟಕಗಳು ನಿಂತು, ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಸಾಲುಗಳು ಸ್ಥಗಿತಗೊಂಡದ್ದು ಇದರಿಂದಲೇ.

ಕಾರ್ಖಾನೆ ದಾಟಿದರೂ ಹಡಗಿದೆ, ಬಂದರಿದೆ. 2022ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಬೆಂಕಿ ಬಿದ್ದ ಫೆಲಿಸಿಟಿ ಏಸ್ ಹಡಗು, ಸುಮಾರು ನಾಲ್ಕು ಸಾವಿರ ಕಾರುಗಳೊಂದಿಗೆ ಮುಳುಗಿತು.

ಆದ್ದರಿಂದ ಬುಕ್ ಮಾಡುವಾಗ "ಎಷ್ಟು ತಿಂಗಳು?" ಎಂದು ಕೇಳಿ ಬಿಡಬೇಡಿ. ನನ್ನ ಕಾರಿನ ಉತ್ಪಾದನೆಗೆ ವಾರ ನಿಗದಿಯಾಗಿದೆಯೇ, ನಾನು ಆರಿಸಿದ್ದರಲ್ಲಿ ಯಾವುದು ತಡ ಮಾಡುತ್ತಿದೆ, ಅದನ್ನು ಬಿಟ್ಟರೆ ಬೇಗ ಸಿಗುತ್ತದೆಯೇ ಎಂದು ಡೀಲರ್‌ಗೆ ಕೇಳಿ. ವಾರ ನಿಗದಿಯಾದ ಮೇಲೆ ಬಣ್ಣ ಬದಲಿಸಲು ಹೋದರೆ ಸರದಿ ಮತ್ತೆ ಹಿಂದಕ್ಕೆ ಹೋಗಬಹುದು.