ಹೊರಕೋನ ಅಂದರೆ ತಿರುವು

ಎಂಟನೇ ತರಗತಿಯ ಉತ್ತರ ಪತ್ರಿಕೆ ತಿದ್ದುವಾಗ ಒಂದು ತಪ್ಪು ಪ್ರತಿ ವರ್ಷ ಕಣ್ಣಿಗೆ ಬೀಳುತ್ತದೆ. ಒಳಕೋನ 120 ಡಿಗ್ರಿ, ಹೊರಕೋನ ಎಷ್ಟು ಎಂದರೆ 240 ಅಂತ ಬರೆದಿರುತ್ತಾರೆ. ಬೈದು ಪ್ರಯೋಜನವಿಲ್ಲ. ಹೊರಗೆ ಅಂದಮೇಲೆ ಮೂಲೆಯ ಆಚೆ ಇರುವುದೆಲ್ಲ ಹೊರಗೇ ಅಲ್ವಾ? ಪುಸ್ತಕದ 'ಬಾಹ್ಯಕೋನ' ಎಂಬ ಹೆಸರೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ.

ಅದಕ್ಕೇ ನಾನು ಮೊದಲ ದಿನ ಬೋರ್ಡ್ ಮುಟ್ಟುವುದಿಲ್ಲ. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡದೊಂದು ಪಂಚಭುಜ ಬರೆಯುತ್ತೇನೆ. ಸೊಟ್ಟಗಿದ್ದರೂ ಪರವಾಗಿಲ್ಲ. ಒಬ್ಬ ಹುಡುಗಿ ಸ್ಕೇಲನ್ನು ಮುಂದಕ್ಕೆ ಚಾಚಿ ಹಿಡಿದು ಗೆರೆಯ ಮೇಲೆ ನಡೆಯುತ್ತಾಳೆ. ಮೂಲೆಗೆ ಬಂದರೂ ಸ್ಕೇಲು ಹಳೇ ದಿಕ್ಕನ್ನೇ ತೋರಿಸುತ್ತಿರುತ್ತದೆ. ಅಲ್ಲೇ ನಿಲ್ಲಿಸಿ, ಆ ದಿಕ್ಕಿಗೆ ಒಂದು ಚುಕ್ಕೆಗೆರೆ ಎಳೆಯುತ್ತೇನೆ. ಮುಂದಿನ ಬಾಹು ಹಿಡಿಯಲು ಅವಳು ಎಷ್ಟು ತಿರುಗಬೇಕೋ ಅಷ್ಟೇ ಹೊರಕೋನ. ಚುಕ್ಕೆಗೆರೆಯೂ ನಡೆದು ಬಂದ ಬಾಹುವೂ ಒಂದೇ ಸರಳರೇಖೆ. ಹಾಗಾಗಿ ಒಳಕೋನ, ಹೊರಕೋನ ಸೇರಿ 180. ಒಳಗೆ 120 ಇದ್ದರೆ ಹೊರಗೆ 60.

ಹೊರಟ ಜಾಗಕ್ಕೆ ಬಂದು, ಹೊರಟ ದಿಕ್ಕಿಗೇ ಮುಖ ಮಾಡಿ ನಿಂತಾಗ ಒಟ್ಟು ಎಷ್ಟು ತಿರುಗಿರುತ್ತಾಳೆ? ಪೂರ್ತಿ ಒಂದು ಸುತ್ತು, 360. ಬಾಹು ಮೂರಿದ್ದರೂ ಅಷ್ಟೇ, ಮೂವತ್ತಿದ್ದರೂ ಅಷ್ಟೇ. ಒಳಕೋನಗಳ ಮೊತ್ತ ಬಾಹು ಜಾಸ್ತಿಯಾದಂತೆ ಏರುತ್ತದೆ, ಹೊರಕೋನಗಳ ಮೊತ್ತ ಮಾತ್ರ ಅಲ್ಲಾಡುವುದಿಲ್ಲ.

ಇಷ್ಟು ಕೈಗೆ ಸಿಕ್ಕರೆ ಲೆಕ್ಕ ಸಲೀಸು. ಪಂಚಭುಜದ ನಾಲ್ಕು ಒಳಕೋನ 100, 120, 90, 130 ಎನ್ನೋಣ. ಹೊರಕೋನಗಳು 80, 60, 90, 50. ಕೂಡಿದರೆ 280. ಉಳಿದದ್ದು 80, ಅಂದರೆ ಐದನೇ ಒಳಕೋನ 100. ಬಾಹು, ಕೋನ ಎಲ್ಲ ಸಮ ಇರುವ ಆಕೃತಿಯಲ್ಲಿ ಸುಮ್ನೆ ಭಾಗಿಸಿದರೆ ಸಾಕು: ಅಷ್ಟಭುಜಕ್ಕೆ 360ನ್ನು 8ರಿಂದ ಭಾಗಿಸಿ 45. ಹೊರಕೋನ 24 ಎಂದರೆ ಬಾಹು 15. ಪ್ರತಿ ಹೊರಕೋನ 50 ಇರಬಹುದಾ ಎಂದು ಕೇಳಿದರೆ, 360ನ್ನು 50ರಿಂದ ಭಾಗಿಸಿ, 7.2 ಬರುತ್ತದೆ. ಏಳೂ ಚಿಲ್ಲರೆ ಬಾಹುಗಳ ಆಕೃತಿ ಎಲ್ಲಿಂದ ತರೋದು?

ಮೂಲೆಯೊಂದು ಒಳಕ್ಕೆ ಚುಚ್ಚಿಕೊಂಡಿದ್ದರೆ, ಅಂದರೆ ಒಳಕೋನ 210 ಇದ್ದರೆ, ಅಲ್ಲಿ ಹುಡುಗಿ ಉಲ್ಟಾ ದಿಕ್ಕಿಗೆ 30 ತಿರುಗುತ್ತಾಳೆ. ಅದನ್ನು ಮೈನಸ್ 30 ಎಂದು ಹಿಡಿದರೆ ಮೊತ್ತ ಮತ್ತೆ 360.

ಕಂಪ್ಯೂಟರ್ ಇರುವ ಶಾಲೆಯವರು ಲೋಗೋ ಆಮೆಯನ್ನು ಓಡಿಸಿ ನೋಡಿ. ಲೋಗೋ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ, ಅದರ ಆಮೆ ನಾವು ಹೇಳಿದಂತೆ ಪರದೆಯ ಮೇಲೆ ನಡೆದು ಗೆರೆ ಎಳೆಯುತ್ತದೆ. ಸಮಬಾಹು ತ್ರಿಭುಜ ಬರೆಸಲು ಮಕ್ಕಳು 'ಮುಂದೆ 100, ಬಲಕ್ಕೆ 60' ಎಂದು ಮೂರು ಸಲ ಕೊಡುತ್ತಾರೆ. ಆಮೆ ಅರ್ಧ ಷಡ್ಭುಜ ಬರೆದು ನಿಲ್ಲುತ್ತದೆ. ಅದಕ್ಕೆ ಬೇಕಿದ್ದದ್ದು ತಿರುವು, 120. ನನ್ನ ಹತ್ತು ನಿಮಿಷದ ಭಾಷಣಕ್ಕಿಂತ ಈ ಆಮೆ ವಾಸಿ.

ಒಮ್ಮೆ ಒಬ್ಬ ಹುಡುಗ ರಂಗೋಲಿಯ ಐದು ಮೂಲೆಯ ನಕ್ಷತ್ರದ ಮೇಲೆ ನಡೆಯುತ್ತೇನೆ ಎಂದ. ತುದಿಯ ಕೋನ 36, ತಿರುವು 144. ಐದು ಸಲಕ್ಕೆ 720! ಗೆರೆಗಳು ಒಂದನ್ನೊಂದು ದಾಟುವ ಆಕೃತಿ ಅದು, ಅದರ ಮೇಲೆ ಅವನು ಎರಡು ಸುತ್ತು ತಿರುಗಿದ್ದ. ಮುಗಿಸಿದವನೇ ತಲೆ ಸುತ್ತುತ್ತೆ ಸಾರ್ ಎಂದು ಅಲ್ಲೇ ಕೂತ.